ಶಟರ್ ಎಳೆದ ಮೇಲೂ ಓಡುವ ಮೀಟರ್: ಒಂದು ಪ್ರಾವಿಷನ್ ಸ್ಟೋರ್‌ನ ಕರೆಂಟ್ ಲೆಕ್ಕ

ರಾತ್ರಿ ಒಂಬತ್ತೂವರೆಗೆ ಶಟರ್ ಎಳೆದು ಬೀಗ ಹಾಕಿದ ಅಂಗಡಿ. ಬೆಳಗ್ಗೆ ಏಳೂವರೆಗೆ ಬೀಗ ತೆಗೆಯುವಷ್ಟರಲ್ಲಿ ಮೀಟರ್ 17 ಯೂನಿಟ್ ಮುಂದೆ ಹೋಗಿರುತ್ತದೆ. ಆ ಹತ್ತು ಗಂಟೆಯಲ್ಲಿ ಒಬ್ಬ ಗಿರಾಕಿ ಬಂದಿಲ್ಲ, ಒಂದು ರೂಪಾಯಿ ವ್ಯಾಪಾರ ಆಗಿಲ್ಲ. ದಿನಕ್ಕೆ ಉರಿಯುವುದು ಒಟ್ಟು 60 ಯೂನಿಟ್. ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಬಾಗಿಲು ಹಾಕಿದ ಮೇಲೆಯೇ ಹೋಗುತ್ತಿದೆ. ಬಿಲ್ಲು ಜಾಸ್ತಿ ಬಂದಾಗ ಅಂಗಡಿಯವರು ಮೊದಲು ತಲೆಯೆತ್ತಿ ನೋಡುವುದು ಟ್ಯೂಬ್‌ಲೈಟನ್ನು. ನೋಡಬೇಕಾದದ್ದು ಗೋಡೆಗೆ ಒತ್ತಿಕೊಂಡು ಹಗಲೂ ರಾತ್ರಿಯೂ ಗುಂಯ್‌ಗುಡುವ ತಣ್ಣನೆಯ ಪೆಟ್ಟಿಗೆಗಳನ್ನು.

ಅಂಗಡಿಯ ಪರಿಸ್ಥಿತಿ

ಇಲ್ಲಿ ತೆಗೆದುಕೊಂಡಿರುವುದು ಮಾದರಿ ಪ್ರಕರಣ. ದಾವಣಗೆರೆಯಂಥ ಬಿಸಿಲೂರಿನ ಬಡಾವಣೆಯಲ್ಲಿ, ಬಾಡಿಗೆ ಕಟ್ಟಡದ ನೆಲಮಹಡಿಯಲ್ಲಿ, ಪಶ್ಚಿಮಕ್ಕೆ ಮುಖ ಮಾಡಿದ 1,100 ಚದರಡಿಯ ಪ್ರಾವಿಷನ್ ಸ್ಟೋರ್. ಗಿರಾಕಿಗಳೇ ಸಾಮಾನು ಆರಿಸಿಕೊಳ್ಳುವ ರ್‍ಯಾಕುಗಳು, ಹಿಂದೆ ಚಿಕ್ಕ ಗೋಡೌನ್, ಎರಡು ಬಿಲ್ಲಿಂಗ್ ಕೌಂಟರ್. ಉಪಕರಣಗಳ ವ್ಯಾಟ್ ಮತ್ತು ಬೆಲೆಗಳನ್ನು ಇಂಥ ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರುವಷ್ಟೇ ಹಿಡಿದಿದೆ. ನಿಮ್ಮ ಅಂಗಡಿಯ ಅಂಕಿ ಹಾಕಿದರೆ ಲೆಕ್ಕ ನಿಮ್ಮದಾಗುತ್ತದೆ. ಕಮರ್ಷಿಯಲ್ ಮೀಟರಿಗೆ ವಿದ್ಯುತ್ ತೆರಿಗೆ, ಹೊಂದಾಣಿಕೆ ಶುಲ್ಕ ಎಲ್ಲ ಸೇರಿ ಯೂನಿಟ್‌ಗೆ 8 ರೂಪಾಯಿ ಹಿಡಿದಿದೆ. ನಿಗದಿತ ಶುಲ್ಕ ಬೇರೆ. ನಿಮ್ಮ ದರ ಬೇಕಾದರೆ ಕಳೆದ ಬಿಲ್ಲಿನಲ್ಲಿ ನಿಗದಿತ ಶುಲ್ಕ ಕಳೆದು, ಉಳಿದ ಮೊತ್ತವನ್ನು ಯೂನಿಟ್‌ನಿಂದ ಭಾಗಿಸಿ.

ತಿಂಗಳ ಬಳಕೆ ಹೀಗೆ ಹಂಚಿಹೋಗಿದೆ:

ಹಳೇ ಚೋಕ್ ಇರುವ 36 ವ್ಯಾಟಿನ ಟ್ಯೂಬ್ 18. ಚೋಕ್ ತಿನ್ನುವುದೂ ಸೇರಿ ಒಂದಕ್ಕೆ 48 ವ್ಯಾಟ್, ದಿನಕ್ಕೆ 14 ಗಂಟೆ: 363 ಯೂನಿಟ್.
75 ವ್ಯಾಟಿನ ಸೀಲಿಂಗ್ ಫ್ಯಾನ್ 8, ಸರಾಸರಿ 12 ಗಂಟೆ: 216.
ಒಳಗೆ 8 ಟ್ಯೂಬ್ ಇರುವ ಫ್ಲೆಕ್ಸ್ ಬೋರ್ಡ್, ಸಂಜೆ ಆರರಿಂದ ಬೆಳಗ್ಗೆ ಅಂಗಡಿ ತೆಗೆಯುವ ತನಕ: 155.
ವಿಸಿ ಕೂಲರ್ (ಗಾಜಿನ ಬಾಗಿಲಿನ ನಿಲುವು ಫ್ರಿಜ್) 3. ಎರಡು ತಂಪು ಪಾನೀಯ ಕಂಪನಿಯವು (ದಿನಕ್ಕೆ 5.5 ಮತ್ತು 6 ಯೂನಿಟ್), ಒಂದು ಹಾಲು ಮೊಸರಿನ ಸ್ವಂತದ್ದು (7.5): 570.
ಡೀಪ್ ಫ್ರೀಜರ್ 2. ಗಾಜಿನ ಮುಚ್ಚಳದ ಐಸ್‌ಕ್ರೀಂನದು (6), ಗಟ್ಟಿ ಮುಚ್ಚಳದ್ದು (4.5): 315.
ಬಿಲ್ಲಿಂಗ್ ಕಂಪ್ಯೂಟರ್ 2: 100.
ಕ್ಯಾಮೆರಾ, ವೈಫೈ, ಇನ್ವರ್ಟರ್, ನೊಣ ಹಿಡಿಯುವ ನೀಲಿ ದೀಪ: ಸುಮಾರು 100.

ಒಟ್ಟು 1,820 ಯೂನಿಟ್, 14,560 ರೂಪಾಯಿ. ತಣ್ಣನೆಯ ಐದು ಪೆಟ್ಟಿಗೆಗಳದೇ 885 ಯೂನಿಟ್, ಅಂದರೆ ಹೆಚ್ಚುಕಮ್ಮಿ ಅರ್ಧ. ಎಲ್ಲರ ಕಣ್ಣಿಗೆ ಬೀಳುವ ಟ್ಯೂಬ್‌ಲೈಟಿನದು ಐದರಲ್ಲಿ ಒಂದು ಪಾಲು.

ಅಳೆಯದೆ ಏನನ್ನೂ ಕೊಳ್ಳಬೇಡಿ

ಮೂರು ರಾತ್ರಿ ಶಟರ್ ಎಳೆಯುವಾಗ ಒಮ್ಮೆ, ಬೆಳಗ್ಗೆ ತೆಗೆಯುವಾಗ ಒಮ್ಮೆ ಮೀಟರಿನ ಫೋಟೊ ತೆಗೆಯಿರಿ. ಇಷ್ಟಕ್ಕೇ ರಾತ್ರಿಯ ಬಳಕೆ ಸಿಕ್ಕಿತು. ಯಾವುದು ಎಷ್ಟು ಎಳೆಯುತ್ತದೆ ಎಂದು ತಿಳಿಯಬೇಕಾದರೆ ಮೀಟರಿನ ಮುಂದೆ ಕೂರಬೇಕು. ಮೀಟರಿನ ಮುಖದ ಮೇಲೆ ಮಿನುಗುವ ಕೆಂಪು ಚುಕ್ಕಿಯ ಪಕ್ಕ ‘ಯೂನಿಟ್‌ಗೆ ಇಷ್ಟು ಮಿನುಗು’ ಎಂಬ ಸಂಖ್ಯೆ ಬರೆದಿರುತ್ತದೆ. ಅದು 1600 ಆಗಿದ್ದರೆ, 2,250ನ್ನು ಎರಡು ಮಿನುಗಿನ ನಡುವಿನ ಸೆಕೆಂಡಿನಿಂದ ಭಾಗಿಸಿದರೆ ಆ ಗಳಿಗೆಯಲ್ಲಿ ಓಡುತ್ತಿರುವ ವ್ಯಾಟ್ ಬರುತ್ತದೆ. ಸಂಖ್ಯೆ ಬೇರೆ ಇದ್ದರೆ 36 ಲಕ್ಷವನ್ನು ಮೊದಲು ಆ ಸಂಖ್ಯೆಯಿಂದ ಭಾಗಿಸಿಕೊಳ್ಳಿ. ಒಂದೇ ಮಿನುಗು ನೋಡಿದರೆ ತಪ್ಪಾಗುತ್ತದೆ; ಹತ್ತು ಮಿನುಗು ಎಣಿಸಿ, ಸಮಯವನ್ನು ಹತ್ತರಿಂದ ಭಾಗಿಸಿ.

ಈ ಅಂಗಡಿಯಲ್ಲಿ ಫ್ಲೆಕ್ಸ್ ಬೋರ್ಡಿನ ಎಂಸಿಬಿ (ಮೀಟರಿನ ಬಳಿ ಒಂದೊಂದು ಲೈನಿಗೂ ಇರುವ ರಕ್ಷಣೆಯ ಸ್ವಿಚ್) ಒಂದನ್ನೇ ಉಳಿಸಿ ಬಾಕಿಯೆಲ್ಲ ಇಳಿಸಿದಾಗ ಸುಮಾರು 6 ಸೆಕೆಂಡಿಗೊಮ್ಮೆ ಚುಕ್ಕಿ ಮಿನುಗುತ್ತದೆ: 375 ವ್ಯಾಟ್. ಎಲ್ಲ ಎಂಸಿಬಿ ಇಳಿಸಿದ ಮೇಲೂ ಚುಕ್ಕಿ ಮಿನುಗುತ್ತಿದ್ದರೆ ಎರಡರಲ್ಲಿ ಒಂದು ಕಾರಣ. ಎಲ್ಲೋ ವೈರಿನಿಂದ ಕರೆಂಟ್ ಸೋರುತ್ತಿದೆ, ಇಲ್ಲವೇ ಮೆಟ್ಟಿಲಿನ ಲೈಟು, ನೀರಿನ ಮೋಟರು, ಮೇಲಿನ ಮಹಡಿಯ ಯಾವುದೋ ಪಾಯಿಂಟು ನಿಮ್ಮ ಮೀಟರಿಗೆ ಸೇರಿಕೊಂಡಿದೆ. ಬಾಡಿಗೆ ಕಾಂಪ್ಲೆಕ್ಸುಗಳಲ್ಲಿ ಎರಡನೆಯದು ಅಪರೂಪವಲ್ಲ. ವೈರಿಂಗ್ ಮಾಡಿದವರು ಹತ್ತಿರವಿದ್ದ ತಂತಿಗೆ ಜೋಡಿಸಿ ಹೋಗಿರುತ್ತಾರೆ, ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಕೂಲರ್, ಫ್ರೀಜರ್‌ಗಳಿಗೆ ಈ ಲೆಕ್ಕ ಸಾಲದು. ಕಂಪ್ರೆಸರ್ ಓಡುತ್ತದೆ, ನಿಲ್ಲುತ್ತದೆ. ಗಳಿಗೆಯ ವ್ಯಾಟ್ ನೋಡಿ ಏನೂ ಹೇಳಲಾಗದು. ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಹಾಕುವ 16 ಆಂಪಿಯರಿನ ಚಿಕ್ಕ ಮೀಟರ್ ಸುಮಾರು 1,200 ರೂಪಾಯಿಗೆ ಸಿಗುತ್ತದೆ. ಒಂದೊಂದು ಪೆಟ್ಟಿಗೆಗೂ ಪೂರ್ತಿ 24 ಗಂಟೆ ಹಾಕಿಡಿ. 6 ಆಂಪಿಯರಿನದನ್ನು ತಂದು ಫ್ರೀಜರಿಗೆ ಹಾಕಬೇಡಿ. ಕಂಪ್ರೆಸರ್ ಶುರುವಾಗುವಾಗ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಮೀಟರ್ ಸುಟ್ಟುಹೋಗುತ್ತದೆ. ಅಳತೆಗೆಂದು ಪ್ಲಗ್ ಕಿತ್ತಾಗ ಪಿನ್ನುಗಳನ್ನೂ ನೋಡಿ. ಒಂದು ಪಿನ್ ಕಂದು ತಿರುಗಿ, ಸುತ್ತಲಿನ ಪ್ಲಾಸ್ಟಿಕ್ ಮೇಣದಂತೆ ಕರಗಿದ್ದರೆ ಆ ಸಾಕೆಟ್ ಸಡಿಲವಾಗಿದೆ. ಬೆಂಕಿ ಹೊತ್ತುವುದು ಇಂಥಲ್ಲೇ. ಅಕ್ಕಿ ಮೂಟೆಯ ಹಿಂದೆ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಫ್ರೀಜರ್ ಓಡಿಸುತ್ತಿದ್ದರೆ ಉಳಿತಾಯದ ಮಾತಿಗೆ ಮೊದಲು ಅದನ್ನು ತೆಗೆಸಿ, ಅರ್ಥಿಂಗ್ ಇರುವ ಪ್ರತ್ಯೇಕ 16 ಆಂಪಿಯರ್ ಪಾಯಿಂಟ್ ಹಾಕಿಸಿ.

ಕೂಲರ್ ಪುಕ್ಕಟೆ, ಕರೆಂಟ್ ಪುಕ್ಕಟೆಯಲ್ಲ

ಕಂಪನಿಯವರು ಕೂಲರ್ ತಂದಿಟ್ಟು ಹೋಗುತ್ತಾರೆ. ಮುಂಗಡವಿಲ್ಲ, ರಿಪೇರಿ ಅವರದೇ. ಯಜಮಾನರಿಗೆ ಲಾಭವೆಂದೇ ಕಾಣುತ್ತದೆ. ಆದರೆ ದಿನಕ್ಕೆ 5.5 ಯೂನಿಟ್ ಎಂದರೆ ತಿಂಗಳಿಗೆ 165 ಯೂನಿಟ್, 1,320 ರೂಪಾಯಿ. ಬಾಟಲಿಗೆ 2 ರೂಪಾಯಿ ಉಳಿಯುತ್ತದೆ ಎಂದುಕೊಂಡರೆ ಆ ಕೂಲರಿನಿಂದ ತಿಂಗಳಿಗೆ 660 ಬಾಟಲಿ ಹೋದ ಮೇಲಷ್ಟೇ ಅದರ ಕರೆಂಟಿನ ಸಾಲ ತೀರುತ್ತದೆ. ಲಾಭ ಶುರುವಾಗುವುದು 661ನೇ ಬಾಟಲಿಯಿಂದ. ಏಪ್ರಿಲ್‌ನಲ್ಲಿ ಇದು ಕಷ್ಟವಲ್ಲ. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಎರಡು ಕೂಲರ್ ಅರ್ಧರ್ಧ ತುಂಬಿಕೊಂಡು ನಿಂತಾಗ ಖಂಡಿತ ಆಗದು.

ಈ ಪ್ರಕರಣದಲ್ಲಿ ಒಂದು ಪೈಸೆ ಖರ್ಚಿಲ್ಲದೆ ಸಿಗುವ ಅತಿ ದೊಡ್ಡ ಉಳಿತಾಯ ಇದೇ. ಜೂನ್‌ನಿಂದ ಜನವರಿವರೆಗೆ ಒಂದು ಕೂಲರನ್ನು ಖಾಲಿ ಮಾಡಿ, ಒರೆಸಿ, ಬಾಗಿಲು ಒಂದಿಂಚು ತೆರೆದು ಸಿಕ್ಕಿಸಿ ಆಫ್ ಮಾಡಿಡುವುದು. ಬಾಗಿಲು ಮುಚ್ಚಿಯೇ ಇಟ್ಟರೆ ಹದಿನೈದು ದಿನದಲ್ಲಿ ಬೂಷ್ಟು ಹಿಡಿದು ನಾರುತ್ತದೆ. ಎರಡೂ ಬೇರೆ ಬೇರೆ ಕಂಪನಿಯವಾದರೆ ಒಬ್ಬರ ಕೂಲರಿನಲ್ಲಿ ಇನ್ನೊಬ್ಬರ ಬಾಟಲಿ ಇಡುವಂತಿಲ್ಲ ಎಂಬ ಷರತ್ತು ಇರುತ್ತದೆ. ಆಗ ಕಡಿಮೆ ಹೋಗುವ ಕಂಪನಿಯ ಕೂಲರನ್ನು ವಾಪಸ್ ಒಯ್ಯಲು ಹೇಳುವುದೇ ಸರಿ. ಸೇಲ್ಸ್‌ನವರು ಬೇಸರ ಮಾಡಿಕೊಂಡಾರು. ತಿಂಗಳ 1,320 ರೂಪಾಯಿಯ ಲೆಕ್ಕ ಬರೆದ ಚೀಟಿ ಮುಂದಿಟ್ಟು ಮಾತಾಡಿದರೆ ಒಪ್ಪುತ್ತಾರೆ, ಕೆಲವೊಮ್ಮೆ ಸ್ಕೀಮನ್ನೇ ಸುಧಾರಿಸುತ್ತಾರೆ.

ಉಳಿದ ಒಂದು ಕೂಲರಿನಲ್ಲಿ ಸೋಡಾ, ನೀರು, ತಂಪು ಪಾನೀಯ ಮಾತ್ರ ಇದ್ದರೆ ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ಐದರ ತನಕ ಟೈಮರಿನಿಂದ ನಿಲ್ಲಿಸಬಹುದು. ತಂಪು ಬಾಟಲಿಗಳೇ ಒಳಗಿನ ಚಳಿಯನ್ನು ಹಿಡಿದಿಡುತ್ತವೆ. ಆದರೆ ಏಳೂವರೆ ಗಂಟೆ ನಿಲ್ಲಿಸಿದ ಮಾತ್ರಕ್ಕೆ ಏಳೂವರೆ ಗಂಟೆಯ ಕರೆಂಟ್ ಉಳಿಯದು. ಬೆಳಗ್ಗೆ ಮತ್ತೆ ತಣಿಸಲು ಕಂಪ್ರೆಸರ್ ಎಡೆಬಿಡದೆ ಓಡುತ್ತದೆ. ದಿನಕ್ಕೆ 1 ಯೂನಿಟ್ ಉಳಿಯುತ್ತದೆ ಎಂದಷ್ಟೇ ಹಿಡಿದಿದೆ. ಹಾಲು, ಮೊಸರು, ಪನೀರ್, ಕೇಕ್ ಇರುವ ಕೂಲರಿಗೆ ಈ ಕೆಲಸ ಮಾಡಲೇಬಾರದು. ‘ಸೋಡಾ ಕೂಲರಿನಲ್ಲಿ ನಾಲ್ಕು ಪ್ಯಾಕೆಟ್ ಮೊಸರು ಇಟ್ಟಿರ್ತೀವಿ’ ಎನ್ನುವ ಅಂಗಡಿಯಲ್ಲೂ ಬೇಡ.

ಟೈಮರ್ ಹಾಕುವಾಗ ಮಿಸ್ತ್ರಿಗೆ ಹೇಳಬೇಕಾದದ್ದು: ಕಂಪ್ರೆಸರನ್ನು ನೇರವಾಗಿ ಟೈಮರಿನ ಮೂಲಕ ಓಡಿಸಬೇಡಿ, ನಡುವೆ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಡೆದುಕೊಳ್ಳುವ, ಟೈಮರ್ ನಡೆಸುವ ಸ್ವಿಚ್) ಇರಲಿ. ಚಿಕ್ಕ ಟೈಮರಿನ ರಿಲೇ ಕೆಲವೇ ತಿಂಗಳಲ್ಲಿ ಅಂಟಿಕೊಂಡುಬಿಡುತ್ತದೆ, ಆಮೇಲೆ ಕೂಲರ್ ಆಫ್ ಆಗುವುದೇ ಇಲ್ಲ. ಕಂಪ್ರೆಸರ್ ನಿಂತ ತಕ್ಷಣ ಮತ್ತೆ ಹಚ್ಚುವುದೂ ಕೂಡದು. ಒಳಗಿನ ಗ್ಯಾಸಿನ ಒತ್ತಡ ಸಮವಾಗಲು ಮೂರರಿಂದ ಐದು ನಿಮಿಷ ಬೇಕು. ಕರೆಂಟ್ ಹೋಗಿ ಬರುವ ಊರಿನಲ್ಲಿ ತಡ ಮಾಡಿ ಹಚ್ಚುವ ಸೌಲಭ್ಯವಿರುವ ಸ್ಟೆಬಿಲೈಸರ್ ಅದಕ್ಕಾಗಿಯೇ ಬೇಕಾಗುವುದು.

ಹಾಲಿನ ಕೂಲರ್: ಗ್ಯಾಸ್ ತುಂಬಿಸುವ ಮೊದಲು

ಮೂರು ಕೂಲರುಗಳಲ್ಲಿ ಇದೇ ಅತಿ ಹೆಚ್ಚು ತಿನ್ನುತ್ತದೆ, ದಿನಕ್ಕೆ 7.5 ಯೂನಿಟ್. ಕಂಪ್ರೆಸರ್ ನಿಲ್ಲುವುದೇ ಇಲ್ಲ, ಮುಟ್ಟಿದರೆ ಕೈ ಸುಡುತ್ತದೆ, ಆದರೂ ಮೇಲಿನ ಅಂತಸ್ತಿನ ಮೊಸರು ತಣ್ಣಗಿಲ್ಲ. ಮೆಕ್ಯಾನಿಕ್ ಕರೆಸಿದರೆ ಮೊದಲ ಮಾತು ‘ಗ್ಯಾಸ್ ಕಮ್ಮಿ ಆಗಿದೆ’. ಆದರೆ ಗ್ಯಾಸ್ ಬಳಸಿ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ, ಸೋರಿಕೆ ಇದ್ದರೆ ಮಾತ್ರ ಕಡಿಮೆಯಾಗುತ್ತದೆ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿದರೆ ದುಡ್ಡು ಗಾಳಿಗೆ ಹೋಗುತ್ತದೆ. ಒಳಗಿನ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರಿಗೆ ದೂಳು ಕಟ್ಟಿದಾಗಲೂ ಇದೇ ಲಕ್ಷಣಗಳು ಕಾಣುತ್ತವೆ. ಆದ್ದರಿಂದ ಮೊದಲು ಪುಕ್ಕಟೆಯ ಕೆಲಸಗಳು.

ಪ್ಲಗ್ ಕಿತ್ತು ಕೆಳಗಿನ ಜಾಲರಿ ಬಿಚ್ಚಿ. ಪ್ರಾವಿಷನ್ ಸ್ಟೋರಿನ ಕಂಡೆನ್ಸರಿಗೆ ಬೇರೆ ಅಂಗಡಿಯದಕ್ಕಿಂತ ಕಷ್ಟ ಜಾಸ್ತಿ. ಹಿಟ್ಟಿನ ದೂಳು, ಖಾರದ ಪುಡಿ, ಈರುಳ್ಳಿ ಸಿಪ್ಪೆ, ಇವೆಲ್ಲ ಸೇರಿ ರೆಕ್ಕೆಗಳ ಮೇಲೆ ಕಂಬಳಿಯಂತೆ ಕೂತಿರುತ್ತವೆ. ಮೆತ್ತನೆಯ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಒರೆಸಿ, ಆಮೇಲೆ ಬ್ಲೋಯರ್ ಹೊಡೆಯಿರಿ. ತಂತಿ ಬ್ರಷ್ ಹಾಕಿದರೆ ರೆಕ್ಕೆ ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ತಿಂಗಳಿಗೊಮ್ಮೆ, ಹತ್ತು ನಿಮಿಷದ ಕೆಲಸ.

ಕೂಲರನ್ನು ಗೋಡೆಯಿಂದ ಒಂದು ಗೇಣು, ಕಡಿಮೆಯೆಂದರೂ 15 ಸೆಂಟಿಮೀಟರಿನಷ್ಟು ಮುಂದಕ್ಕೆ ಎಳೆಯಿರಿ; ಹಿಂದೆ ತುರುಕಿದ ರಟ್ಟಿನ ಪೆಟ್ಟಿಗೆಗಳನ್ನು ತೆಗೆಯಿರಿ. ಈ ಅಂಗಡಿಯಲ್ಲಿ ಅದು ಮುಂಬಾಗಿಲ ಪಕ್ಕವೇ ಇದ್ದು, ಮಧ್ಯಾಹ್ನ ಮೂರರ ನಂತರ ಪಡುವಣ ಬಿಸಿಲು ನೇರ ಗಾಜಿನ ಬಾಗಿಲಿಗೆ ಬೀಳುತ್ತದೆ. ಒಳಗೋಡೆಗೆ ಸ್ಥಳಾಂತರಿಸುವುದೇ ಮದ್ದು. ಹಾಲಿಗೆ ಬರುವವರು ಹೇಗೂ ಹುಡುಕಿಕೊಂಡು ಬರುತ್ತಾರೆ, ದಾರಿಯಲ್ಲಿ ಬಿಸ್ಕತ್ತೂ ಕಣ್ಣಿಗೆ ಬೀಳುತ್ತದೆ.

ಬಾಗಿಲ ರಬ್ಬರಿನ ಪರೀಕ್ಷೆಗೆ ಹತ್ತು ರೂಪಾಯಿ ನೋಟು ಸಾಕು. ನೋಟು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಜಾರಿ ಬಂದರೆ ಅಲ್ಲಿ ಗಾಳಿ ಹೋಗುತ್ತಿದೆ. ನಾಲ್ಕೂ ಬದಿ, ಮೂಲೆಗಳನ್ನು ಬಿಡದೆ ನೋಡಿ. ರಬ್ಬರ್ ಬರೀ ಚಪ್ಪಟೆಯಾಗಿದ್ದರೆ ಕಿತ್ತು ಬಿಸಿನೀರಿನಲ್ಲಿ ನೆನೆಸಿದರೆ ಆಕಾರ ಮರಳುತ್ತದೆ. ಹರಿದಿದ್ದರೆ ಹೊಸದೇ ಬೇಕು. ಅಂಟು ಟೇಪು ಒಂದು ವಾರ ನಿಲ್ಲದು.

ಕೊನೆಯದು ಥರ್ಮೋಸ್ಟಾಟ್. ತಿರುಗಣೆ 7ರಲ್ಲಿ ನಿಂತಿದೆ. ‘ಬೇಗ ತಣ್ಣಗಾಗಲಿ’ ಎಂದು ಯಾರೋ ತಿರುಗಿಸಿದ್ದು. 7ಕ್ಕೆ ಇಟ್ಟರೆ ಬೇಗ ತಣಿಯುವುದಿಲ್ಲ, ಅಗತ್ಯ ಮೀರಿ ತಣಿಯುತ್ತದೆ, ಅಷ್ಟೇ. ಅಳತೆಗೆ 250 ರೂಪಾಯಿಯ ಥರ್ಮಾಮೀಟರನ್ನು ನೀರಿನ ಬಾಟಲಿಯೊಳಗೆ ಇಳಿಬಿಟ್ಟು ಮಧ್ಯದ ಅಂತಸ್ತಿನಲ್ಲಿಡಿ. ಗಾಳಿಯಲ್ಲಿ ತೂಗಬಿಟ್ಟರೆ ಬಾಗಿಲು ತೆರೆದಾಗಲೆಲ್ಲ ಅಂಕಿ ಕುಣಿಯುತ್ತದೆ. ಹಾಲಿನ ಪ್ಯಾಕೆಟಿನ ಒಳಗಿನ ಸ್ಥಿತಿಯನ್ನು ನೀರು ಸರಿಯಾಗಿ ತೋರಿಸುತ್ತದೆ. 4 ಡಿಗ್ರಿ ಬರುವ ತನಕ ದಿನಕ್ಕೊಂದು ಅಂಕಿಯಂತೆ ಇಳಿಸುತ್ತ ಬನ್ನಿ. ಇಷ್ಟೆಲ್ಲ ಆದ ಮೇಲೆ ಈ ಕೂಲರಿನ ಬಳಕೆ 5.5ಕ್ಕೆ ಇಳಿಯುತ್ತದೆ ಎಂದು ಹಿಡಿದಿದೆ. ಇಳಿಯದಿದ್ದರೆ ಆಗ ಗ್ಯಾಸಿನ ಮಾತು.

ಫ್ರೀಜರುಗಳು

ಒಳಗೋಡೆಯ ಮೇಲೆ ಮಂಜು ಕಿರುಬೆರಳಿನ ಅರ್ಧದಷ್ಟು ದಪ್ಪವಾಯಿತೆಂದರೆ ತೆಗೆಯುವ ಸಮಯ ಬಂತು. ಮಂಜು ಚಳಿಯನ್ನು ಒಳಗೆ ಬಿಡದ ಹೊದಿಕೆ. ದಪ್ಪವಾದಷ್ಟೂ ಕಂಪ್ರೆಸರ್ ಹೆಚ್ಚು ಓಡುತ್ತದೆ. ಸಾಮಾನನ್ನು ಇನ್ನೊಂದು ಫ್ರೀಜರಿಗೆ ಹಾಕಿ, ಆಫ್ ಮಾಡಿ, ಕರಗಲು ಬಿಡಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆತ್ತುವುದು ಅಂಗಡಿ ಹುಡುಗರ ಅಭ್ಯಾಸ. ಗೋಡೆಯ ಹಿಂದೆಯೇ ಗ್ಯಾಸಿನ ಪೈಪ್ ಇರುತ್ತದೆ, ಒಂದು ತೂತು ಬಿದ್ದರೆ ಫ್ರೀಜರ್ ಮುಗಿಯಿತು. ಈಚಿನ ಫ್ರೀಜರುಗಳಲ್ಲಿರುವ ಆರ್-600ಎ, ಆರ್-290 ಗ್ಯಾಸುಗಳು ಹೊತ್ತಿಕೊಳ್ಳುವಂಥವು, ಆದ್ದರಿಂದ ಅಪಾಯವೂ ಉಂಟು. ಪ್ಲಾಸ್ಟಿಕ್ ಹಲಗೆ ಮಾತ್ರ ಬಳಸಿ.

ಐಸ್‌ಕ್ರೀಂ ಫ್ರೀಜರಿನ ಗಾಜಿನ ಮುಚ್ಚಳ ವ್ಯಾಪಾರಕ್ಕೆ ಬೇಕು, ರಾತ್ರಿಗೆ ಬೇಡ. ಎರಡಿಂಚಿನ ಥರ್ಮೋಕೋಲನ್ನು ಅಳತೆಗೆ ಕತ್ತರಿಸಿ, ಬಟ್ಟೆ ಹೊಲಿಸಿ, ಶಟರ್ ಎಳೆಯುವ ಮುನ್ನ ಗಾಜಿನ ಮೇಲೆ ಮುಚ್ಚಿ. ಗಾಳಿ ಹೋಗುವ ಪಕ್ಕದ ಜಾಲರಿ ಮುಚ್ಚದಿರಲಿ. ಒಳಗೆ ಗುರುತು ಮಾಡಿದ ಗೆರೆಯಿಂದ ಮೇಲೆ ಐಸ್‌ಕ್ರೀಂ ತುಂಬಬೇಡಿ, ಮೇಲಿನ ಪದರ ಕರಗಿ ಮತ್ತೆ ಗಟ್ಟಿಯಾಗಿ ಹರಳಾಗುತ್ತದೆ. ಉಷ್ಣತೆ ಮೈನಸ್ 18 ಇರಬೇಕು. ಉಳಿತಾಯಕ್ಕೆಂದು ಮೈನಸ್ 12ಕ್ಕೆ ತಂದರೆ ಮಾಲು ಹಾಳಾಗಿ ಉಳಿಸಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತೀರಿ. ಎರಡೂ ಫ್ರೀಜರಿನಿಂದ ದಿನಕ್ಕೆ 1.6 ಯೂನಿಟ್ ಉಳಿತಾಯ.

ಬೋರ್ಡು: ಯಾವುದು ಮೊದಲು ಎಂಬುದೇ ಲೆಕ್ಕ

ಬೋರ್ಡಿನ ಸ್ವಿಚ್ ಗೋಡೌನಿನ ಒಳಗಿದೆ. ಶಟರ್ ಎಳೆಯುವ ಆತುರದಲ್ಲಿ ಯಾರೂ ಅಲ್ಲಿಗೆ ಹೋಗುವುದಿಲ್ಲ, ಬೆಳತನಕ ಉರಿಯುತ್ತದೆ. ಎಲ್‌ಇಡಿ ಮಾರುವವರು ಮೊದಲು ಟ್ಯೂಬ್ ಬದಲಿಸಿ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. 1,500 ರೂಪಾಯಿಯ ಟೈಮರ್ ಹಾಕಿ ಸಂಜೆ ಆರರಿಂದ ಹತ್ತರ ತನಕ ಮಾತ್ರ ಉರಿಸಿದರೆ 155 ಯೂನಿಟ್ 46ಕ್ಕೆ ಇಳಿಯುತ್ತದೆ: 109 ಉಳಿತಾಯ, ಎರಡು ತಿಂಗಳೊಳಗೆ ಹಣ ವಾಪಸ್. ಅದಾದ ಮೇಲೆ 6,000 ರೂಪಾಯಿ ಕೊಟ್ಟು ಎಲ್‌ಇಡಿ ಹಾಕಿಸಿದರೆ ಉಳಿಯುವುದು ಇನ್ನು 30 ಯೂನಿಟ್ ಮಾತ್ರ, ಹಣ ಮರಳಲು ಎರಡು ವರ್ಷ. ಆದ್ದರಿಂದ ಎಲ್‌ಇಡಿಯನ್ನು ಬೋರ್ಡನ್ನೇ ಹೊಸದಾಗಿ ಮಾಡಿಸುವ ದಿನಕ್ಕೆ ಕಾದಿರಿಸಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ನಂತರ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಲೇಬೇಕು. ಬೋರ್ಡ್ ಇನ್ನೂ ಬದಲಿಸದವರಿಗೆ ಎರಡೂ ಕೆಲಸ ಒಂದೇ ಖರ್ಚಿನಲ್ಲಿ ಮುಗಿಯುತ್ತದೆ.

ಟೈಮರ್ ಕೊಳ್ಳುವಾಗ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರನ್ನೇ ಕೇಳಿ. ಬಿಲ್ಲೆ ತಿರುಗುವ ಅಗ್ಗದ ಟೈಮರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ದಿನಕ್ಕೆ ಅರ್ಧ ಗಂಟೆ ಕರೆಂಟ್ ಹೋದರೆ ಎಂಟು ದಿನದಲ್ಲಿ ನಾಲ್ಕು ಗಂಟೆ ಹಿಂದೆ ಬಿದ್ದು, ಬೋರ್ಡು ರಾತ್ರಿ ಹತ್ತಕ್ಕೆ ಹತ್ತಿ ಎರಡಕ್ಕೆ ಆರುತ್ತದೆ. ಬೇಸಿಗೆಗೂ ಚಳಿಗಾಲಕ್ಕೂ ಸೂರ್ಯ ಮುಳುಗುವ ಹೊತ್ತಿನಲ್ಲಿ ಸುಮಾರು ಒಂದು ಗಂಟೆ ವ್ಯತ್ಯಾಸವಿದೆ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಸಮಯ ತಿದ್ದಿದರೆ ಸಾಕು.

ಟ್ಯೂಬು, ಫ್ಯಾನು

18 ಟ್ಯೂಬಿನ ಜಾಗಕ್ಕೆ 20 ವ್ಯಾಟಿನ ಎಲ್‌ಇಡಿ ಪಟ್ಟಿ. ಕೂಲಿ ಸೇರಿ 6,500 ರೂಪಾಯಿ, ತಿಂಗಳಿಗೆ 212 ಯೂನಿಟ್ ಉಳಿತಾಯ. ಪೂರ್ತಿ ಪಟ್ಟಿಯನ್ನೇ ಬದಲಿಸಿದರೆ ತೊಂದರೆ ಕಡಿಮೆ. ಹಳೇ ಪಟ್ಟಿಗೆ ಎಲ್‌ಇಡಿ ಟ್ಯೂಬ್ ಸಿಕ್ಕಿಸುವುದಾದರೆ ಚೋಕ್, ಸ್ಟಾರ್ಟರ್ ಎರಡನ್ನೂ ಕಿತ್ತು ನೇರ ವೈರ್ ಕೊಡಬೇಕು. ಚೋಕ್ ಒಳಗೇ ಉಳಿದರೆ ಟ್ಯೂಬ್ ಮಿನುಗುತ್ತದೆ, ಬೇಗ ಸಾಯುತ್ತದೆ, ಮೇಲಾಗಿ ಚೋಕ್ ಸುಮ್ಮನೆ ಕರೆಂಟ್ ತಿನ್ನುತ್ತಲೇ ಇರುತ್ತದೆ. ಒಂದೇ ತುದಿಗೆ ಕರೆಂಟ್ ಕೊಡುವ ಟ್ಯೂಬೋ, ಎರಡೂ ತುದಿಯದೋ ಎಂದು ಪೆಟ್ಟಿಗೆಯ ಮೇಲಿನ ಚಿತ್ರ ನೋಡಿಯೇ ವೈರ್ ಜೋಡಿಸಿ. ಬಿಐಎಸ್ ಗುರುತು ಇರಲಿ, 2,000 ಲ್ಯೂಮೆನ್ ಇರಲಿ, ಬಣ್ಣ ತೋರಿಸುವ ಸೂಚ್ಯಂಕ 80ಕ್ಕಿಂತ ಮೇಲಿರಲಿ. ಅದು ಕಡಿಮೆಯಿದ್ದರೆ ಕೆಂಪು ಟೊಮೆಟೊ ಬೂದಿ ಬಣ್ಣಕ್ಕೆ ತಿರುಗಿ ಬಾಡಿದಂತೆ ಕಾಣುತ್ತದೆ.

ಮಿಸ್ತ್ರಿ ಇರುವಾಗಲೇ ಮುಂಭಾಗದ ಸಾಲಿಗೂ ಗೋಡೌನಿಗೂ ಬೇರೆ ಬೇರೆ ಸ್ವಿಚ್ ಮಾಡಿಸಿ. ಹಗಲು ಗಾಜಿನಿಂದ ಬೆಳಕು ಬರುವಾಗ ಮೊದಲ ಸಾಲು ಬೇಕಿಲ್ಲ. ಇದರಿಂದ ಇನ್ನೊಂದು 18 ಯೂನಿಟ್.

ಫ್ಯಾನುಗಳನ್ನು ಒಟ್ಟಿಗೆ ಬದಲಿಸುವುದು ಬೇಡ. ದಿನಕ್ಕೆ 14 ಗಂಟೆ ಓಡುವ ನಾಲ್ಕನ್ನು 30 ವ್ಯಾಟಿನ ಬಿಎಲ್‌ಡಿಸಿಗೆ (ಬ್ರಷ್ ಇಲ್ಲದ ಡಿಸಿ ಮೋಟರಿನ ಫ್ಯಾನ್) ಬದಲಿಸಿದರೆ 76 ಯೂನಿಟ್ ಉಳಿತಾಯ. 12,000 ರೂಪಾಯಿ ಮರಳಲು 20 ತಿಂಗಳು. ಹತ್ತು ಗಂಟೆ ಓಡುವ ಉಳಿದ ನಾಲ್ಕಕ್ಕೆ 28 ತಿಂಗಳು ಬೇಕು, ಅವು ಕೆಟ್ಟಾಗ ಬದಲಿಸಿದರಾಯಿತು. ಬಿಎಲ್‌ಡಿಸಿ ಫ್ಯಾನಿಗೆ ಗೋಡೆಯ ಹಳೇ ರೆಗ್ಯುಲೇಟರ್ ಕೂಡದು. ಅದನ್ನು ತೆಗೆದು ನೇರ ಸ್ವಿಚ್ ಕೊಡದಿದ್ದರೆ ಒಳಗಿನ ಸರ್ಕ್ಯೂಟ್ ಸುಟ್ಟು ವಾರಂಟಿಯೂ ಹೋಗುತ್ತದೆ.

ಎಸಿ ಬೇಕೆನ್ನುವ ಮುನ್ನ

ಬೇಸಿಗೆಯಲ್ಲಿ ಒಳಗೆ ನಿಲ್ಲಲಾಗುವುದಿಲ್ಲ, ಎಸಿ ಹಾಕಿಸೋಣ ಎಂಬ ಯೋಚನೆ ಯಜಮಾನರಿಗೆ ಬಂದೇ ಬರುತ್ತದೆ. ಅಂಗಡಿ ಬಿಸಿಯಾಗುವುದು ಬಿಸಿಲಿಗೆ ಮಾತ್ರವಲ್ಲ. ಕೂಲರ್, ಫ್ರೀಜರ್ ಒಳಗಿನ ಬಿಸಿಯನ್ನು ಎತ್ತಿ ಅಂಗಡಿಯೊಳಕ್ಕೇ ಉಗುಳುತ್ತವೆ. ಅವು ತಿಂದ ಕರೆಂಟೆಲ್ಲ ಕಡೆಗೆ ಅಂಗಡಿಯ ಬಿಸಿಯೇ. ಐದು ಪೆಟ್ಟಿಗೆಗಳ 29.5 ಯೂನಿಟ್ ಎಂದರೆ 1.2 ಕಿಲೋವ್ಯಾಟಿನ ಹೀಟರನ್ನು ಹಗಲೂ ರಾತ್ರಿ ಹಚ್ಚಿಟ್ಟ ಹಾಗೆ. ಮೇಲೆ ಹೇಳಿದ ಕೆಲಸಗಳಿಂದ ಪೆಟ್ಟಿಗೆ, ಟ್ಯೂಬು, ಫ್ಯಾನು ಸೇರಿ ಸುಮಾರು 1.1 ಕಿಲೋವ್ಯಾಟಿನ ಬಿಸಿ ಕಡಿಮೆಯಾಗುತ್ತದೆ, ಅಂದರೆ ಎಸಿ ಲೆಕ್ಕದಲ್ಲಿ ಟನ್ನಿನ ಮೂರನೇ ಒಂದು ಭಾಗ. ಪಶ್ಚಿಮದ ಗಾಜಿಗೆ ಹೊರಗಿನಿಂದ ಬಿದಿರಿನ ತಟ್ಟಿಯನ್ನೋ ಹಸಿರು ಬಲೆಯನ್ನೋ ಇಳಿಬಿಡಿ. ಒಳಗಡೆ ಪರದೆ ಹಾಕಿದರೆ ಬಿಸಿಲು ಗಾಜನ್ನು ದಾಟಿ ಬಂದಾಗಿರುತ್ತದೆ, ಪ್ರಯೋಜನ ಅರ್ಧಕ್ಕರ್ಧ. ಇಷ್ಟು ಮಾಡಿ ಒಂದು ಬೇಸಿಗೆ ನೋಡಿ. ಆಮೇಲೂ ಎಸಿ ಬೇಕೆನಿಸಿದರೆ ಚಿಕ್ಕದು ಸಾಕಾಗುತ್ತದೆ. ಬೇಸಿಗೆಯಲ್ಲಿ ಎರಡನೇ ಕೂಲರ್ ಹಚ್ಚಿದಾಗ ಅದರ ಬಿಸಿ ಮರಳಿ ಬರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮಂಜೂರಾದ ಲೋಡು, ಮತ್ತು ಮನೆಯ ಮೀಟರು

ಈ ಅಂಗಡಿಗೆ ಮಂಜೂರಾದ ಲೋಡು 8 ಕಿಲೋವ್ಯಾಟ್. ಹಿಂದೆ ಅಲ್ಲಿ ಹಿಟ್ಟಿನ ಗಿರಣಿ ಇತ್ತು. ಈಗ ಎಲ್ಲವೂ ಒಟ್ಟಿಗೆ ಓಡಿದರೂ 4 ಕಿಲೋವ್ಯಾಟ್ ದಾಟದು. ನಿಗದಿತ ಶುಲ್ಕ ಮಾತ್ರ 8ಕ್ಕೂ ಬೀಳುತ್ತದೆ, ಅಂಗಡಿ ತಿಂಗಳಿಡೀ ಮುಚ್ಚಿದ್ದರೂ. ಬಿಲ್ಲಿನಲ್ಲಿ ಗರಿಷ್ಠ ಬೇಡಿಕೆಯ ಅಂಕಿಯನ್ನು ಹನ್ನೆರಡು ತಿಂಗಳು ನೋಡಿ, ಬೇಸಿಗೆಯದೂ ಸೇರಿ 5ರ ಒಳಗಿದ್ದರೆ ಲೋಡನ್ನು 8ರಿಂದ 5ಕ್ಕೆ ಕಡಿಮೆ ಮಾಡಿಸಲು ಅರ್ಜಿ ಹಾಕಬಹುದು. ಕಿಲೋವ್ಯಾಟಿಗೆ 210 ರೂಪಾಯಿ ಇದ್ದರೆ ತಿಂಗಳಿಗೆ 630 ಉಳಿತಾಯ. ಎಸಿ ಹಾಕಿಸುವ ಯೋಚನೆ ಖಚಿತವಾಗಿದ್ದರೆ ತಡೆಯಿರಿ. ಮಂಜೂರಾತಿ ಮೀರಿ ಎಳೆದರೆ ದಂಡ ಬೀಳುತ್ತದೆ, ಮತ್ತೆ ಹೆಚ್ಚಿಸಲು ಠೇವಣಿ ಕಟ್ಟಬೇಕು. ಬಾಡಿಗೆ ಅಂಗಡಿಯ ಆರ್‌ಆರ್ ನಂಬರ್ ಸಾಮಾನ್ಯವಾಗಿ ಕಟ್ಟಡದ ಮಾಲೀಕರ ಹೆಸರಿನಲ್ಲಿರುವುದರಿಂದ ಅರ್ಜಿಗೆ ಅವರ ಸಹಿ ಬೇಕಾಗುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. 2023ರಲ್ಲಿ ಶುರುವಾದ ಗೃಹಜ್ಯೋತಿ ಮನೆ ಬಳಕೆಗೆ ಮಾತ್ರ. ಮೇಲೆ ಮನೆ, ಕೆಳಗೆ ಅಂಗಡಿ ಇರುವಲ್ಲಿ ಮನೆಯ ಮೀಟರಿನಿಂದ ಫ್ರೀಜರಿಗೆ ಒಂದು ವೈರ್ ಇಳಿಸುವ ಸಲಹೆ ಕೊಡುವವರಿದ್ದಾರೆ. 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅದು ಅನಧಿಕೃತ ಬಳಕೆ. ಎರಡು ಪಟ್ಟು ದರ ಹಾಕುತ್ತಾರೆ. ಯಾವಾಗ ಶುರುವಾಯಿತೆಂದು ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೂ ಸೇರಿಸಿ ಹಾಕುತ್ತಾರೆ. ಸೋಲಾರಿನ ಪಿಎಂ ಸೂರ್ಯ ಘರ್ ಸಹಾಯಧನವೂ ಮನೆಗಳಿಗೇ, ಅಂಗಡಿಗಲ್ಲ.

ಖರ್ಚು, ಉಳಿತಾಯ, ಮೂರನೇ ತಿಂಗಳು

ಮೊದಲ ಸುತ್ತು: ಅಳತೆಯ ಮೀಟರ್, ಎರಡು ಟೈಮರ್, ಕಾಂಟ್ಯಾಕ್ಟರ್, ರಬ್ಬರ್ ಮತ್ತು ಸರ್ವೀಸು, ಥರ್ಮಾಮೀಟರುಗಳು, ಥರ್ಮೋಕೋಲ್ ಸೇರಿ 8,700 ರೂಪಾಯಿ. ಕೂಲರ್ 165, ಅದರ ಟೈಮರ್ 30, ಬೋರ್ಡ್ 109, ಹಾಲಿನ ಕೂಲರ್ 60, ಫ್ರೀಜರ್ 48, ರಾತ್ರಿ ನೊಣದ ದೀಪ ಆರಿಸಿದ್ದಕ್ಕೆ 12: ಒಟ್ಟು 424 ಯೂನಿಟ್, 3,392 ರೂಪಾಯಿ. ಹಣ ಮೂರು ತಿಂಗಳೊಳಗೆ ಮರಳುತ್ತದೆ. ಎರಡನೇ ಸುತ್ತು: ಟ್ಯೂಬು, ಫ್ಯಾನಿಗೆ 18,500 ರೂಪಾಯಿ, ಉಳಿಯುವುದು 306 ಯೂನಿಟ್, ಎಂಟು ತಿಂಗಳು. ಮೊದಲ ಸುತ್ತಿನ ಉಳಿತಾಯದಿಂದಲೇ ಎರಡನೆಯದನ್ನು ಮಾಡಿದರೆ ಕೈಯಿಂದ ಹಾಕುವ ಹಣ 8,700 ಮಾತ್ರ. ಎರಡೂ ಮುಗಿದಾಗ 1,820 ಯೂನಿಟ್ 1,090ಕ್ಕೆ ಇಳಿದಿರುತ್ತದೆ. ಎರಡನೇ ಕೂಲರ್ ಓಡುವ ಬೇಸಿಗೆಯಲ್ಲಿ 1,255.

ಬಿಲ್ ಹೋಲಿಸುವಾಗ ತಿಂಗಳಿಗೆ ತಿಂಗಳು ಹೋಲಿಸಿದರೆ ಮೋಸಹೋಗುತ್ತೀರಿ. ರೀಡಿಂಗ್ ಒಮ್ಮೆ 28 ದಿನಕ್ಕೆ, ಒಮ್ಮೆ 33 ದಿನಕ್ಕೆ ಆಗಿರುತ್ತದೆ. ಯೂನಿಟನ್ನು ದಿನಗಳಿಂದ ಭಾಗಿಸಿ, ಕಳೆದ ವರ್ಷದ ಅದೇ ತಿಂಗಳಿನ ಜೊತೆ ಇಟ್ಟು ನೋಡಿ.

ಮೂರನೇ ತಿಂಗಳಲ್ಲಿ ಉಳಿತಾಯ ಸ್ವಲ್ಪ ಜಾರುವುದು ಸಾಮಾನ್ಯ, ಕಾರಣಗಳೂ ಬಹುಪಾಲು ಅವೇ. ಒಂದು ಮಧ್ಯಾಹ್ನ ಕರೆಂಟ್ ಹೋದಾಗ ಯಾರೋ ಥರ್ಮೋಸ್ಟಾಟನ್ನು ಮತ್ತೆ 7ಕ್ಕೆ ತಿರುಗಿಸಿರುತ್ತಾರೆ. ಥರ್ಮೋಕೋಲ್ ಮುಚ್ಚಳ ಒಡೆದು ಗೋಡೌನ್ ಸೇರಿರುತ್ತದೆ. ಹೊಸ ಸ್ಟಾಕ್ ಬಂದ ದಿನ ಕೂಲರಿನ ಹಿಂದಿನ ಗೇಣಗಲ ಜಾಗಕ್ಕೆ ಮತ್ತೆ ಪೆಟ್ಟಿಗೆ ತುರುಕಿರುತ್ತಾರೆ. ಇದಕ್ಕೆ ಪರಿಣಾಮಕಾರಿಯಾದದ್ದು ಎರಡು ಕೆಲಸ. ಸರಿಯಾದ ಅಂಕಿಯ ಎದುರು ತಿರುಗಣೆಯ ಮೇಲೆ ಉಗುರುಬಣ್ಣದ ಒಂದು ಚುಕ್ಕಿ. ಶಟರ್ ಎಳೆಯುವವರ ಕೈಯಲ್ಲೇ ಒಂದು ನೋಟ್‌ಬುಕ್: ರಾತ್ರಿಯ ರೀಡಿಂಗ್, ಬೆಳಗಿನ ರೀಡಿಂಗ್, ಹಾಲಿನ ಕೂಲರಿನ ಡಿಗ್ರಿ. ಮುಚ್ಚಿದ ಹೊತ್ತಿನ 17 ಯೂನಿಟ್ ಎಲ್ಲ ಸರಿಯಿದ್ದಾಗ 9ರ ಆಸುಪಾಸಿಗೆ ಇಳಿದಿರಬೇಕು. ಒಂದು ಬೆಳಗ್ಗೆ ಅದು 12 ತೋರಿಸಿದರೆ ಬಿಲ್ ಬರುವ ತನಕ ಕಾಯಬೇಕಿಲ್ಲ. ಅಂದೇ ಬೋರ್ಡಿನ ಟೈಮರನ್ನೂ ಹಾಲಿನ ಕೂಲರಿನ ಬಾಗಿಲನ್ನೂ ನೋಡಿ.

ಫೆಬ್ರುವರಿಯಲ್ಲಿ ಎರಡನೇ ಕೂಲರ್ ಮತ್ತೆ ಹಚ್ಚುವ ದಿನ ಅದಕ್ಕೂ 24 ಗಂಟೆ ಅಳತೆಯ ಮೀಟರ್ ಹಾಕಿ. 5.5ರ ಬದಲು 7 ಬಂದರೆ, ಕೂಲರ್ ಅವರದೇ ಆದ್ದರಿಂದ ಸರ್ವೀಸಿಗೆ ಕಂಪನಿಯವರನ್ನೇ ಕರೆಸಿ, ಬಾಟಲಿ ತುಂಬುವ ಮೊದಲು.